ಇಂಗ್ಲಿಷಿನಲ್ಲಿ ಒಂದು ‘ಎಫ್’ ಇರುವ ಆಫ್ ಬೇರೆ, ಎರಡು ‘ಎಫ್’ ಇರುವ ಆಫ್ ಬೇರೆ ಯಾಕೆ?

ಮೂಲದಲ್ಲಿ ಅವೆರಡೂ ಒಂದೇ ಪದ. ಹಳೆಯ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ‘ಎಫ್’ನ ಆಫ್, ಅರ್ಥ ‘ಇಂದ, ದೂರ’. ಬೇರೆಯಾಗಿಸಿದ್ದು ಉಚ್ಚಾರಣೆಯ ಒತ್ತು. ಒತ್ತಿ ಹೇಳಿದಲ್ಲಿ ‘ಫ್’ ಗಟ್ಟಿಯಾಗಿ ಉಳಿಯಿತು. ವಾಕ್ಯದ ನಡುವೆ ತೇಲಿಸಿ ಹೇಳಿದಲ್ಲಿ ಅದು ಮೆತ್ತಗಾಗಿ ‘ವ್’ ಆಯಿತು. ಅದಕ್ಕೇ ಇಂದಿಗೂ ಒಂದು ‘ಎಫ್’ನದನ್ನು ‘ಅವ್’ ಎನ್ನುತ್ತಾರೆ. (ಕನ್ನಡದಲ್ಲಿ ಬರೆಯುವಾಗ ನಾವು ಎರಡನ್ನೂ ‘ಆಫ್’ ಮಾಡಿ ಗೊಂದಲ ಹೆಚ್ಚಿಸಿದ್ದೇವೆ!) ಕಾಗುಣಿತದ ಈ ವ್ಯತ್ಯಾಸ ಗಟ್ಟಿಯಾಗಿದ್ದು 17ನೇ ಶತಮಾನದ ಹೊತ್ತಿಗೆ.

ಆಮೇಲೆ ಕೆಲಸವೂ ಹಂಚಿಹೋಯಿತು. ‘ಟರ್ನ್ ಆಫ್’, ‘ಫಾಲ್ ಆಫ್’ಗಳಲ್ಲಿ ಹಳೆಯ ‘ದೂರ’ ಹಾಗೇ ಇದೆ. ‘ಅವ್’ ಮಾತ್ರ ಸವೆದು ಸವೆದು ನಮ್ಮ ಷಷ್ಠಿಯ ‘ಅ’ದಂತಾಗಿದೆ: ‘ಲೆಗ್ ಅವ್ ದ ಟೇಬಲ್’ ಎಂದರೆ ಮೇಜಿನ ಕಾಲು. ಆದರೂ ‘ಮೇಡ್ ಅವ್ ವುಡ್’ ಅನ್ನುವಾಗ, ಅಂದರೆ ಮರದಿಂದ ಮಾಡಿದ್ದು ಅನ್ನುವಾಗ, ಹಳೆಯ ‘ಇಂದ’ ಇಣುಕುತ್ತದೆ.

ಇನ್ನೊಂದು ಸ್ವಾರಸ್ಯ: ಸಂಸ್ಕೃತದ ‘ಅಪ’ ಇದಕ್ಕೆ ದೂರದ ನೆಂಟ. ‘ಅಪಹರಣ’ದ ಆ ‘ಅಪ’ವೇ, ಅಲ್ಲೂ ಅರ್ಥ ‘ದೂರಕ್ಕೆ’.