‘ಅಪ್ಪನಿಗೆ ಹೇಳಬೇಡಿ ಸಿಸ್ಟರ್’

ಪ್ರಶ್ನೆ: ನಾನು ಸ್ಟಾಫ್ ನರ್ಸ್. ವಾರ್ಡಿನಲ್ಲಿರುವ 68 ವರ್ಷದ ಹಿರಿಯರಿಗೆ ಅನ್ನನಾಳದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾಗಿದೆ. ‘ಹುಣ್ಣು ಅಂತಷ್ಟೇ ಹೇಳಿ, ಗೊತ್ತಾದ್ರೆ ಕುಸಿದುಹೋಗ್ತಾರೆ’ ಎಂದು ಮಗ ಕೈಮುಗಿದರು. ನೈಟ್ ಡ್ಯೂಟಿಯಲ್ಲಿ ಅವರೇ, ‘ನನಗೇನಾಗಿದೆ ಸಿಸ್ಟರ್?’ ಎಂದು ಕೇಳಿಬಿಟ್ಟರು. ಏನು ಹೇಳಬೇಕಿತ್ತು?

ಉತ್ತರ: ‘ಏನೂ ಇಲ್ಲ, ಮಲಗಿ’ ಅಂತಂತೂ ಅಲ್ಲ. ರೋಗದ ಹೆಸರು ತಿಳಿಸುವುದು ಚಿಕಿತ್ಸೆ ಕೊಡುವ ವೈದ್ಯರ ಕೆಲಸ, ರಾತ್ರಿ ಎರಡು ಗಂಟೆಗೆ ಆ ಹೊರೆ ನೀವು ಹೊರಬೇಕಿಲ್ಲ. ಸುಳ್ಳು ಹೇಳದಿರುವುದು ಮಾತ್ರ ನಿಮಗೇ ಸೇರಿದ್ದು. ಡ್ರಿಪ್ ಸರಿಮಾಡುತ್ತ ನಿಂತೇ ಉತ್ತರಿಸಬೇಡಿ. ಸ್ಟೂಲ್ ಎಳೆದುಕೊಂಡು ಕೂತು, ‘ನಿಮಗೇನು ಅನ್ನಿಸ್ತಿದೆ ಯಜಮಾನ್ರೇ?’ ಎಂದು ಕೇಳಿ ಸುಮ್ಮನಿರಿ. ಮೊದಲು ಮುದ್ದೆಯ ತುತ್ತು ಸಿಕ್ಕಿಕೊಂಡು, ಆಮೇಲೆ ಅನ್ನ, ಈಗ ಗಂಜಿಯೂ ಇಳಿಯದ ಮನುಷ್ಯ ಅರ್ಧ ಊಹಿಸಿಯೇ ಇರುತ್ತಾರೆ. ‘ಪೂರ್ತಿ ವಿಷಯ ಡಾಕ್ಟರೇ ಹೇಳಬೇಕು. ನೀವು ಕೇಳಿದ್ರಿ ಅಂತ ಬೆಳಿಗ್ಗೆ ನಾನೇ ತಿಳಿಸ್ತೀನಿ’ ಎನ್ನಿ. ಆ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ, ಸಮಯದ ಜೊತೆ ನರ್ಸಿಂಗ್ ನೋಟ್ಸ್‌ನಲ್ಲಿ ಬರೆಯಿರಿ, ಹ್ಯಾಂಡ್‌ಓವರ್‌ನಲ್ಲೂ ಹೇಳಿ. ಬರೆದಿಡದಿದ್ದರೆ ಮೂರು ಶಿಫ್ಟಿನವರು ಮೂರು ಉತ್ತರ ಕೊಡುತ್ತಾರೆ, ಗುಟ್ಟು ಒಡೆಯುವುದೇ ಅಲ್ಲಿ.

ಮಗನ ಮೇಲೆ ರೇಗಬೇಡಿ. ಅಪ್ಪನನ್ನು ನೋಡಿಕೊಳ್ಳುವ ಕೈ ಅದೇ, ನಾಳೆ ಟ್ಯೂಬಿನಲ್ಲಿ ಗಂಜಿ ಹಾಕುವವರೂ ಅವರೇ. ‘ಹೇಳಿದ್ರೆ ಏನಾಗುತ್ತೆ ಅಂತ ಭಯ?’ ಎಂದು ಕೇಳಿ. ಹಟದ ಹಿಂದೆ ಸಾಮಾನ್ಯವಾಗಿ ಏನೋ ಇರುತ್ತದೆ: ಹಿಂದೆ ಮನೆಯಲ್ಲೊಬ್ಬರು ವಿಷಯ ತಿಳಿದು ಊಟ ಬಿಟ್ಟದ್ದು, ಇಲ್ಲವೇ ಖರ್ಚು ನೋಡಿ ಅಪ್ಪ ಚಿಕಿತ್ಸೆಯೇ ಬೇಡ ಅಂದಾರು ಎಂಬ ಅಳುಕು. ಅದನ್ನು ಕೇಳಿಸಿಕೊಂಡ ಮೇಲೆ, ರೇಡಿಯೋಥೆರಪಿಗೆ ಹೋದಾಗ ಬಾಗಿಲ ಮೇಲಿನ ಬೋರ್ಡೇ ಎಲ್ಲ ಹೇಳಿಬಿಡುತ್ತದೆ, ಇಲ್ಲವೇ ಪಕ್ಕದ ಬೆಡ್‌ನವರು ಹೇಳುತ್ತಾರೆ ಎಂದು ತಿಳಿಸಿ. ಹಾಗೆ ಗೊತ್ತಾದ ರೋಗಿ ಆಮೇಲೆ ನೋವಿನ ಮಾತ್ರೆಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ಇನ್ನು ಕಾನೂನು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತುರ್ತಿಲ್ಲದಿದ್ದಾಗ ಬುದ್ಧಿ ಸರಿಯಿರುವ ವಯಸ್ಕ ರೋಗಿಯ ಬದಲು ಶಸ್ತ್ರಚಿಕಿತ್ಸೆಗೆ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದಿತು. ಇಲ್ಲಿ ಮಗನ ಸಹಿಯೂ ಅಷ್ಟೇ. ‘ಹುಣ್ಣು’ ಎಂದು ನಂಬಿಸಿ ಕೀಮೊ ಫಾರಂಗೆ ಅಪ್ಪನಿಂದ ಹೆಬ್ಬೆಟ್ಟು ಒತ್ತಿಸಿಕೊಂಡರೂ ಅದು ತಿಳಿದು ಕೊಟ್ಟ ಒಪ್ಪಿಗೆಯಲ್ಲ.

ಹಾಗಂತ ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಬೇಕೆಂದಲ್ಲ. ವಾರ್ಡಿನ ಗದ್ದಲದಿಂದ ದೂರ, ಕನಿಷ್ಠ ಅರ್ಧ ಗಂಟೆ ಬಿಡುವಿಟ್ಟುಕೊಂಡು ವೈದ್ಯರು ಮೊದಲು ಕೇಳಬೇಕಾದ್ದು: ‘ನಿಮಗೆ ಎಷ್ಟು ತಿಳ್ಕೋಬೇಕು ಅನ್ಸುತ್ತೆ? ಯಾರು ಜೊತೆಗಿರ್ಬೇಕು?’ ‘ಮಗನಿಗೆ ಹೇಳಿ, ಸಾಕು’ ಎಂದರೆ ಅದೂ ಅವರದೇ ತೀರ್ಮಾನ. ಮಗ ಅಪ್ಪನ ಪರವಾಗಿ ಕೇಳಿಕೊಂಡ ಮಾತಿಗೂ ರೋಗಿ ತಾನೇ ಒಪ್ಪಿಸಿದ ಮಾತಿಗೂ ವ್ಯತ್ಯಾಸ ಬಹಳ. ರೋಗಿಯ ತೀರ್ಮಾನವನ್ನು ಕೇಸ್ ಶೀಟಿನಲ್ಲಿ ದಾಖಲಿಸಿ, ಚಿಕಿತ್ಸೆ ಬದಲಾದಾಗಲೆಲ್ಲ ಮತ್ತೆ ಕೇಳಬೇಕು.

ವಿಷಯ ತಿಳಿದ ದಿನ ಸಂಜೆ ನೀವು ತಪ್ಪದೆ ಅವರ ಬಳಿ ಹೋಗಿ. ಗಾಬರಿಯಲ್ಲಿ ಕೇಳಿದ್ದು ಅರ್ಧವೂ ತಲೆಯಲ್ಲಿ ನಿಂತಿರುವುದಿಲ್ಲ. ‘ಡಾಕ್ಟರ್ ಏನಂದ್ರು?’ ಎಂದು ಅವರ ಬಾಯಲ್ಲೇ ಹೇಳಿಸಿ, ಬಿಟ್ಟುಹೋದದ್ದನ್ನು ಗುರುತುಹಾಕಿ ಮರುದಿನದ ರೌಂಡ್ಸ್‌ಗೆ ಇಡಿ.