ಗ್ರೈಂಡರ್ ಬದಲಿಸಿದ ಮೇಲೆ ಎಸ್ಪ್ರೆಸೊ ಒಂದೇ ಬದಿಯಿಂದ ಸುರಿಯುವುದೇಕೆ?

ಹಳೆಯ ಗ್ರೈಂಡರಿನಲ್ಲಿ ಸರಿಯಾಗಿ ಬರುತ್ತಿದ್ದ ಎಸ್ಪ್ರೆಸೊ ಈಗ ಒಂದೇ ಬದಿಯಿಂದ ಚಿಮ್ಮುತ್ತದೆ, ಕುಡಿದರೆ ಹುಳಿಯೂ ಕಹಿಯೂ ಒಟ್ಟಿಗೇ ಇರುತ್ತದೆ ಎಂದಿದ್ದೀರಿ. ಯಂತ್ರವನ್ನು ಬೈಯಬೇಡಿ. ಹೆಂಚಿನ ಮಾಡಿನಲ್ಲಿ ಒಂದು ಹೆಂಚು ಜಾರಿದರೆ ಆಟಿಯ ಮಳೆಯೆಲ್ಲ ಅಲ್ಲೇ ಇಳಿಯುತ್ತದಲ್ಲ, ಹಾಗೆಯೇ ಒತ್ತಡದ ನೀರು ಪುಡಿಯ ಸಡಿಲ ಜಾಗದಲ್ಲಿ ನುಗ್ಗುತ್ತದೆ. ಅಲ್ಲಿನ ಪುಡಿಯ ಸಾರವೆಲ್ಲ ಹೊರಬಂದು ಕಹಿಯಾಗುತ್ತದೆ, ಉಳಿದದ್ದು ಅರೆಬರೆ ನೆನೆದು ಹುಳಿಯಾಗುತ್ತದೆ.

ಹಳೆಯ ಗ್ರೈಂಡರಿನಲ್ಲಿ ಪುಡಿಯ ನುಣುಪಿಗೆ ಇಡುತ್ತಿದ್ದ ಅಂಕಿಯನ್ನು ಮರೆತುಬಿಡಿ. 18 ಗ್ರಾಂ ಪುಡಿಗೆ 25–30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ, ಇಲ್ಲಿಂದ ಆರಂಭಿಸಿ. ಬೇಗ ಸುರಿದರೆ ಪುಡಿಯನ್ನು ತುಸು ನುಣ್ಣಗೆ ಮಾಡಿ. ಆದರೆ ನುಣುಪು ಅತಿಯಾದರೂ ನೀರು ಬಿರುಕು ಕೊರೆಯುತ್ತದೆ. ನುಣುಪಿನ ಅಳತೆ ಬದಲಿಸಿದಾಗಲೆಲ್ಲ ಮೊದಲ ನಾಲ್ಕೈದು ಗ್ರಾಂ ಪುಡಿ ಚೆಲ್ಲಿಬಿಡಿ, ಅದರಲ್ಲಿ ಹಿಂದಿನ ಪುಡಿ ಬೆರೆತಿರುತ್ತದೆ.

ಮಂಗಳೂರಿನ ನನ್ನ ಅಡುಗೆಮನೆಯಲ್ಲಿ ನಿಜವಾಗಿ ಕಾಟ ಕೊಟ್ಟದ್ದು ಗಂಟುಗಳು. ಹೊಸ ಗ್ರೈಂಡರಿನ ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿ ನೋಡಿದೆ: ಹೆಸರುಕಾಳಿನಷ್ಟು ದಪ್ಪದ ಉಂಡೆಗಳು! ಬಾಟಲಿಯ ಬೆಂಡಿಗೆ ನಾಲ್ಕು ತೆಳು ಸೂಜಿ ಚುಚ್ಚಿಕೊಂಡು, ಯಂತ್ರದಲ್ಲಿ ಪುಡಿ ತುಂಬುವ ಬುಟ್ಟಿಯ ತಳದವರೆಗೂ ಕಲಕಿ, ಆಮೇಲೆ ಪುಡಿಯನ್ನು ಒತ್ತಿದೆ. ಒತ್ತುವ ಬಲಕ್ಕಿಂತ ಮಟ್ಟ ಮುಖ್ಯ. ಓರೆಯಾದರೆ ತಗ್ಗಿನ ಬದಿಯೇ ಮೊದಲು ಸೋರುತ್ತದೆ. ಎರಡೇ ದಿನದಲ್ಲಿ ಧಾರೆ ನಡುವಿಗೆ ಬಂತು.

ಇಷ್ಟಾದರೂ ಸರಿಹೋಗದಿದ್ದರೆ ಗ್ರೈಂಡರಿನ ಅರೆಯುವ ಬಿಲ್ಲೆಗಳು ಓರೆಯಾಗಿ ಕೂತಿವೆಯೇ ನೋಡಿಸಿ.