ಕೀಮೋ ತಗೊಳೋರಿಗೆ ನಮ್ ಸಂಘದಿಂದ ಏನ್ ಮಾಡ್ಬೋದು ಅಂದ್ರೆ

ಮೇಡಂ, ಮಧುಗಿರಿಲಿ ನಿಮ್ ಸ್ತ್ರೀಶಕ್ತಿ ಸಂಘದೋರೆಲ್ಲ ಸೇರಿ ಸ್ತನ ಕ್ಯಾನ್ಸರ್ ಆಗಿರೋ ಇಬ್ರಿಗೆ ಸಹಾಯ ಮಾಡ್ಬೇಕು, ಹಣ್ಣುಹಂಪಲು ತಗೊಂಡು ಒಟ್ಟಿಗೆ ಹೋಗಿ ನೋಡ್ಕೊಂಡು ಬರೋಣ್ವಾ ಅಂತ ಕೇಳಿದೀರಲ್ಲ, ದಯವಿಟ್ಟು ಗುಂಪಾಗಿ ಮಾತ್ರ ಹೋಗ್ಬೇಡಿ. ಕೀಮೋ ಅಂದ್ರೆ ಕ್ಯಾನ್ಸರಿಗೆ ಕೊಡೋ ಔಷಧಿ, ಅದಾಗಿ ಒಂದೆರಡು ವಾರ ಬಿಳಿ ರಕ್ತಕಣ ತುಂಬಾ ಇಳಿದಿರುತ್ತೆ, ಯಾರದೋ ನೆಗಡಿ ಅವ್ರಿಗೆ ದೊಡ್ಡದಾಗುತ್ತೆ. ಆ ಟೈಮಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದ್ರೆ ಮಾತ್ರೆ ನುಂಗಿಸಿ ಬೆಳಗ್ಗೆ ನೋಡೋಣ ಅನ್ನಂಗಿಲ್ಲ, ನಡುರಾತ್ರಿ ಆದ್ರೂ ಆಸ್ಪತ್ರೆಗೆ ಹೊರಡ್ಬೇಕು, ಹಂಗಾಗಿ ನಾನಾದ್ರೆ ಮೊದ್ಲು ಒಂದು ಥರ್ಮಾಮೀಟರ್ ಕೊಡಿಸಿ, ಕಾರ್ ಇರೋರ ನಂಬರ್ ಬಾಗಿಲ ಹಿಂದೆ ಅಂಟಿಸ್ತೀನಿ, ಆಪಲ್ ಎಲ್ಲಾ ಆಮೇಲೆ.

ನಿಜವಾದ ಕಷ್ಟ ಬೆಂಗಳೂರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡೋದು. ಶಕ್ತಿ ಯೋಜನೆಲಿ ಹೆಂಗಸ್ರಿಗೆ ಕೆಂಪು ಬಸ್ ಫ್ರೀ, ಜೊತೆಗೆ ಹೋಗೋ ಹೆಂಗಸ್ರಿಗೂ ಚಾರ್ಜಿಲ್ಲ, ಪಾಳಿ ಹಾಕ್ಕೊಳಿ. ಹೋದೋರು ಫೈಲು, ಬಿಪಿಎಲ್ ಕಾರ್ಡು, ಆಧಾರ್ ಜೆರಾಕ್ಸ್ ಹಿಡ್ಕೊಂಡು ಕ್ಯೂ ನಿಂತ್ರೆ ಪೇಶೆಂಟ್ ಕೂತಿರ್ಬೋದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ ಸರಿ, ಆದ್ರೆ ಅವತ್ತು ಹಸು ಹಾಲು ಕರೆದು ಡೈರಿಗೆ ಹಾಕೋರು ಯಾರು, ಮಕ್ಕಳಿಗೆ ಮುದ್ದೆ ತಿರುವೋರು ಯಾರು, ಅದನ್ನ ಒಬ್ರು ವಹಿಸ್ಕೊಳಿ.

ಆಪರೇಷನ್ನಲ್ಲಿ ಕಂಕುಳ ಗಂಟು (ದುಗ್ಧಗ್ರಂಥಿ) ತೆಗೆದಿದ್ರೆ ಡಾಕ್ಟ್ರು ಹೇಳೋ ತನಕ ಆ ಕೈಲಿ ತುಂಬಿದ ಬಿಂದಿಗೆ ಎತ್ತೋದು ಬೇಡ, ಬಿಪಿ, ಇಂಜೆಕ್ಷನ್ನೂ ಇನ್ನೊಂದು ಕೈಗೇ. ಇನ್ನು ಕೀಮೋ ಬಿಟ್ಬಿಡಿ ಪಕ್ಕದೂರಲ್ಲಿ ನಾಟಿ ಔಷಧಿ ಕೊಡ್ತಾರಂತೆ ಅನ್ನೋರು ನಿಮ್ ಸಂಘದಲ್ಲೂ ಒಬ್ರು ಇದ್ದೇ ಇರ್ತಾರೆ, ಅವ್ರನ್ನ ಮಾತ್ರ ಪಾಳಿಗೆ ಹಾಕ್ಬೇಡಿ.